ಜಿಮ್ನಿ ತಲೆ ಮೇಲೆ ಎಷ್ಟು ಭಾರ?

ವೀಕೆಂಡ್ ಬಂದ್ರೆ ದೊಡ್ಡಬಳ್ಳಾಪುರದ ಮಾಕಳಿದುರ್ಗ, ನೆಲಮಂಗಲದ ಶಿವಗಂಗೆ ಕಡೆ ಹೊರಡುವ ನಮ್ಮ ಗ್ಯಾಂಗ್‌ನಲ್ಲಿ ಈಗ ಒಂದೇ ಮಾತು: ಗಾಡಿಗೆ ರೂಫ್ ರ‍್ಯಾಕ್ ಹಾಕಿಸ್ಬೇಕು. ಆಸೆ ಸಹಜವೇ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯ ಡಿಕ್ಕಿ ಬರೀ 208 ಲೀಟರ್. ನಾಲ್ವರು ಕೂತರೆ ಟೆಂಟ್‌ಗೆ ಜಾಗ ಎಲ್ಲಿ?

ಆದ್ರೆ ಮೊದಲು ಲೆಕ್ಕ ಹಾಕಿ. ಆಸ್ಟ್ರೇಲಿಯಾದಲ್ಲಿ ಸುಜುಕಿ ಜಿಮ್ನಿಯ ರೂಫ್‌ಗೆ ಹೇಳಿರುವ ಮಿತಿ 30 ಕೆಜಿ. ರ‍್ಯಾಕ್‌ನ ತೂಕವೂ ಅದರೊಳಗೇ. 20 ಕೆಜಿಯ ಕಬ್ಬಿಣದ ರ‍್ಯಾಕ್ ಹಾಕಿಸಿದ್ರೆ ಸಾಮಾನಿಗೆ ಉಳಿಯೋದು ಹತ್ತೇ ಕೆಜಿ! "ನೂರು ಕೆಜಿ ತಡೆಯುತ್ತೆ ಸಾರ್" ಅಂತ ಅಂಗಡಿಯವರು ಹೇಳೋದು ರ‍್ಯಾಕ್‌ನ ಶಕ್ತಿ, ರೂಫ್‌ನದ್ದಲ್ಲ. ನಿಮ್ಮ ಗಾಡಿಯ ಮಿತಿಯನ್ನು ಮ್ಯಾನ್ಯುಯಲ್‌ನಲ್ಲೇ ನೋಡಿ.

ಭಾರ ಮೇಲೇರಿದಷ್ಟೂ ಗಾಡಿ ತಿರುವಿನಲ್ಲಿ ವಾಲುತ್ತೆ, ಓರೆ ದಾರಿಯಲ್ಲಿ ಮಗುಚುವ ಅಪಾಯ ಹೆಚ್ಚು. ಅದಕ್ಕೇ ನಾನು ಆರಿಸಿದ್ದು ಹಗುರವಾದ ಅಲ್ಯೂಮಿನಿಯಂ ರ‍್ಯಾಕ್. ಮೇಲೆ ಚಾಪೆ, ಸ್ಲೀಪಿಂಗ್ ಬ್ಯಾಗ್ ಮಾತ್ರ. ನೀರಿನ ಕ್ಯಾನ್, ಟೂಲ್ಸ್, ಸ್ಟವ್ ಎಲ್ಲಾ ಸೀಟಿನ ಹಿಂದೆ, ಕೆಳಗೆ, ಬೆಲ್ಟ್ ಬಿಗಿದು.

ಮಣ್ಣುರಸ್ತೆಯಲ್ಲಿ ಓಡಿಸಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ಮಾಡಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ಎತ್ತರ ಅಳೆಯಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸೋದನ್ನು ತಡೆಯುತ್ತೆ. ಹಾಗಾಗಿ ದುಡ್ಡು ಕೊಡೋ ಮುಂಚೆ ಆರ್‌ಟಿಓದಲ್ಲೂ ಒಮ್ಮೆ ವಿಚಾರಿಸಿ.