ಅಂಗಡಿಯ ಲೆಕ್ಕಕ್ಕೆ ಎಷ್ಟು ಬೀಗದ ಕೈ?



ನಮ್ಮ ಸದಸ್ಯರಲ್ಲಿ ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆ ನಡೆಸುವವರು ಬಹಳ ಮಂದಿ. ಗಡಿಯೂರಿನ ವ್ಯಾಪಾರವೆಂದರೆ ಸರಕು ರಾಜ್ಯದ ಗಡಿ ದಾಟುತ್ತಲೇ ಇರುತ್ತದೆ. ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಆ ಬಿಲ್ ತೆಗೆಯುವ ಪಾಸ್‌ವರ್ಡ್ ಮಾತ್ರ ಎಷ್ಟೋ ಅಂಗಡಿಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರುತ್ತದೆ. ಮಾಲೀಕರು, ಮಗ, ಬಿಲ್ ಹಾಕುವ ಹುಡುಗ, ಲೆಕ್ಕ ಬರೆಯುವವರು, ಎಲ್ಲರಿಗೂ ಅದೊಂದೇ.

ಕಂಪ್ಯೂಟರಿಗೆ ಮುಖ ಗೊತ್ತಾಗುವುದಿಲ್ಲ. ಯಾವ ಹೆಸರಿನಲ್ಲಿ ಒಳಗೆ ಬಂದರೋ ಅವರೇ ಮಾಡಿದರೆಂದು ಬರೆದುಕೊಳ್ಳುತ್ತದೆ. ಕೆಲಸ ಬಿಟ್ಟು ಹೋದವನು ಆರು ತಿಂಗಳ ಮೇಲೆ ತಮ್ಮ ಜಿಎಸ್‌ಟಿ ನಂಬರಿನಲ್ಲಿ ಇಲ್ಲದ ಸರಕಿಗೆ ಬಿಲ್ ತೆಗೆದರೂ ದಾಖಲೆಯಲ್ಲಿ ಇರುವುದು ತಮ್ಮ ಹೆಸರೇ. ನೋಟಿಸು ಬರುವುದೂ ತಮಗೇ.

ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ರಿಜಿಸ್ಟರಿನಲ್ಲಿ ಒಂದು ಅಂಕಿ ತಿದ್ದಿದರೂ ಪಕ್ಕದಲ್ಲಿ ತಿದ್ದಿದವರ ಇನಿಷಿಯಲ್ ಬೇಕಿತ್ತು. ವರ್ಗವಾದರೆ ಚಾರ್ಜ್ ಪಟ್ಟಿ ಬರೆದು ಬೀಗದ ಕೈ ಒಪ್ಪಿಸದೆ ಬಿಡುಗಡೆ ಇಲ್ಲ. ಕಂಪ್ಯೂಟರಿನವರು ಐಡೆಂಟಿಟಿ ಮ್ಯಾನೇಜ್‌ಮೆಂಟ್ ಎಂದು ದೊಡ್ಡ ಹೆಸರಿಟ್ಟಿರುವುದು ಇದಕ್ಕೇ: ಒಬ್ಬರಿಗೆ ಒಂದು ಲಾಗಿನ್, ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಕೆಲಸ ಬಿಟ್ಟ ದಿನವೇ ರದ್ದು.

ಇದಕ್ಕೆ ಖರ್ಚೇನೂ ಇಲ್ಲ. ಇ-ವೇ ಬಿಲ್ ಜಾಲತಾಣದಲ್ಲೇ ‘ಸಬ್ ಯೂಸರ್’ ಮಾಡುವ ಸೌಲಭ್ಯವಿದೆ. ಹುಡುಗನಿಗೆ ಬಿಲ್ ತೆಗೆಯಲು ಮಾತ್ರ ಬಿಟ್ಟು, ಉಳಿದದ್ದನ್ನು ತಾವೇ ಇಟ್ಟುಕೊಳ್ಳಬಹುದು. ಬಿಟ್ಟು ಹೋದರೆ ಆ ಹೆಸರನ್ನು ಅಲ್ಲೇ ತಡೆಹಿಡಿಯಬಹುದು. ಟ್ಯಾಲಿಯಲ್ಲಿಯೂ ಪ್ರತಿಯೊಬ್ಬರಿಗೂ ಬೇರೆ ಹೆಸರು ಕೊಟ್ಟು, ಹಳೆಯ ವೋಚರ್ ತಿದ್ದದಂತೆ ಮಾಡಬಹುದು.

ಹಳೆಯ ಲಾಗಿನ್ ಉಳಿಸಿಕೊಂಡರೆ ಏನಾದೀತು ಅನ್ನುವವರಿಗೆ ಒಂದು ಉದಾಹರಣೆ. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ ಕೆಲವು ದಿನ ಇಂಧನ ಸಾಗಣೆಯನ್ನೇ ನಿಲ್ಲಿಸಬೇಕಾಯಿತು. ಕಳ್ಳರು ನುಗ್ಗಿದ್ದು ಯಾರೂ ಬಳಸದ, ಆದರೆ ರದ್ದಾಗದೆ ಉಳಿದ ಒಂದು ಲಾಗಿನ್ ಮೂಲಕ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಬೇರೆ ತಡೆ ಇರಲಿಲ್ಲ. ಕಂಪನಿ ಸುಮಾರು 44 ಲಕ್ಷ ಡಾಲರ್ ತೆತ್ತಿತು.

ಆ ಇನ್ನೊಂದು ತಡೆಯೇ ಒಟಿಪಿ. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗ ಹಾಕಿ, ಬೀಗದ ಕೈಗಳನ್ನು ಇಬ್ಬರ ಬಳಿ ಇಡುವ ಪದ್ಧತಿ ಗೊತ್ತಲ್ಲ, ಹಾಗೆಯೇ. ಇ-ವೇ ಬಿಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಇದು ಕಡ್ಡಾಯ. ಎಸ್ಸೆಮ್ಮೆಸ್ ಅಲ್ಲದೆ ಸಂದೇಶ್ ಆ್ಯಪ್, ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್ ಮೂಲಕವೂ ಒಟಿಪಿ ಪಡೆಯಬಹುದು. ಸಬ್ ಯೂಸರ್‌ಗೆ ಅವರದೇ ಮೊಬೈಲಿಗೆ ಬರುತ್ತದೆ. ತಮ್ಮ ಮುಖ್ಯ ಲಾಗಿನ್‌ಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ ಎಂಬುದನ್ನು ಇಂದೇ ನೋಡಿಕೊಳ್ಳಿ. ಹಿಂದಿನ ಲೆಕ್ಕಿಗರ ನಂಬರೇ ಇದ್ದರೆ ಎರಡು ಬೀಗದ ಕೈಯೂ ಅವರ ಜೇಬಿನಲ್ಲಿದ್ದಂತೆ.

ನಮ್ಮವರಿಗೇ ವಿಶೇಷವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಸಂದೇಶ ಇಂಗ್ಲಿಷಿನಲ್ಲಿ ಬಂದರೆ ‘ಏನು ಬಂದಿದೆ ನೋಡಪ್ಪಾ’ ಎಂದು ಎದುರಿಗಿದ್ದವರ ಕೈಗೆ ಫೋನ್ ಕೊಡುವ ಅಭ್ಯಾಸ ಹಿರಿಯರಲ್ಲಿ ಇದೆ. ಆರಂಕಿಯ ಸಂಖ್ಯೆ ಇದ್ದರೆ ಅದು ಒಟಿಪಿ ಎಂದೇ ತಿಳಿಯಿರಿ. ಬೇರೆಯವರು ಓದುವುದು ಬೇಡ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಸಬ್ ಯೂಸರ್ ಮಾಡಲು ತಿಳಿಯದವರು ಸಂಘದ ಕಚೇರಿಗೆ ಬನ್ನಿ, ಜೊತೆಗೆ ಕೂತು ಮಾಡೋಣ. ಪಾಸ್‌ವರ್ಡ್ ಮಾತ್ರ ನನಗೂ ಹೇಳಬೇಡಿ.

— ಕಾರ್ಯದರ್ಶಿ