ಒತ್ತು… ಹಿಡ್ಕೋ… ಬಿಡು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯ ಮಗ್ಗುಲಲ್ಲೊಂದು ಮನೆ. ಅಡಿಕೆ ಒಣಗಿಸಿ ಮುಗಿದು ಅಂಗಳ ಖಾಲಿಯಾಗಿದೆ. ನಡುವೆ ಬಿಳಿ ಬಣ್ಣದ ಪ್ರೀಮಿಯರ್ ಪದ್ಮಿನಿ, ಹಿಂದಿನ ಎಡ ಚಕ್ರ ಕಳಚಿಟ್ಟು ನಿಂತಿದೆ. ಕೆಳಗೆ ಜಾಕಿ ಇದೆ ನಿಜ, ಆದರೆ ಮನೆಯ ಯಜಮಾನರಾದ ನಿವೃತ್ತ ಮೇಷ್ಟ್ರು ಜಾಕಿಯೊಂದನ್ನೇ ನಂಬುವವರಲ್ಲ. ಆಕ್ಸಲ್ ಅಡಿಗೆ ಹಲಸಿನ ದಿಮ್ಮಿ ಕೊಟ್ಟಿದ್ದಾರೆ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಟ್ಟಿದ್ದಾರೆ. ಹ್ಯಾಂಡ್‌ಬ್ರೇಕ್ ಬಿಡದೆ ಹಿಂದಿನ ಡ್ರಮ್ ಹೊರಗೆ ಬರುವುದಿಲ್ಲ. ಹಾಗಾಗಿ ಈಗ ಗಾಡಿಯನ್ನು ಹಿಡಿದು ನಿಲ್ಲಿಸಿರುವುದು ಆ ಕಲ್ಲುಗಳೇ.

ಪೇಟೆಯಿಂದ ಬರುವಾಗ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತಂತೆ. ಪೆಡಲ್ ಒಂದೇ ಸಲಕ್ಕೆ ನಿಲ್ಲದೆ ಎರಡನೇ ಪಂಪ್ ಕೇಳುತ್ತಿತ್ತಂತೆ. ಎಡಗಡೆ ಎಲ್ಲೋ ಆಯಿಲ್ ಸೋರುತ್ತಿದೆ ಎಂದು ಮೇಷ್ಟ್ರಿಗೆ ಅಲ್ಲೇ ಗೊತ್ತಾಗಿತ್ತು.

ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100 ಡಿಲೈಟ್ ಕಾರೇ ಮುಂದೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಆ ನಗರದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ಗೆ ಮುಗಿಯಿತು. ಮಲೆನಾಡಿನ ಕೊಟ್ಟಿಗೆಗಳಲ್ಲಿ ಮಾತ್ರ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಾಲು ಒತ್ತಿದ ಬಲವನ್ನು ಆಯಿಲ್ ಹೊತ್ತೊಯ್ಯುತ್ತದೆ, ಚಕ್ರದ ಸಿಲಿಂಡರ್ ಎರಡು ಶೂಗಳನ್ನು ಅಗಲಿಸುತ್ತದೆ, ಅವು ಡ್ರಮ್ಮಿನ ಒಳಮೈಗೆ ಉಜ್ಜಿ ಗಾಡಿ ನಿಲ್ಲುತ್ತದೆ. ಇಷ್ಟೂ ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು. ಅಂಗಳದಲ್ಲಿ ಕೂತು ರಿಪೇರಿ ಮಾಡುವ ಧೈರ್ಯ ಬರುವುದು ಅದರಿಂದಲೇ.

ಡ್ರಮ್ ಹಠ ಮಾಡುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಗಾಡಿ, ತುಕ್ಕು ಕಚ್ಚಿಕೊಂಡಿದೆ. ಅಡ್ಜಸ್ಟರ್ ಸಡಿಲಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ, ತಿರುಗಿಸಿ, ಮತ್ತೆ ತಟ್ಟಿದ ಮೇಲೆ ಕಿರ್ರೆಂದು ಈಚೆ ಬಂತು. ಒಳಗೆಲ್ಲ ಕಪ್ಪು ಪುಡಿ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮೊಮ್ಮಗಳು ಊದಲು ಬಾಯಿ ತಂದಳು.

“ಊದ್ಬೇಡ ಮಾರಾಯ್ತಿ! ಒಳಗೆ ಹೋದ್ರೆ ಶ್ವಾಸಕೋಶಕ್ಕೆ ಕೇಡು.”

ಹಳೆಯ ಬ್ರೇಕ್ ಶೂಗಳ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮೇಷ್ಟ್ರು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಕಂಪ್ರೆಸರ್ ಗಾಳಿ ಬಿಟ್ಟು ಈ ಪುಡಿ ಹಾರಿಸುವ ಹುಡುಗರನ್ನು ಗ್ಯಾರೇಜುಗಳಲ್ಲಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗೆ ಒಂದು ಒದ್ದೆ ಬಟ್ಟೆ ಕೊಡುವುದು ಮಾಲೀಕರಿಗೆ ಭಾರವೇ?

ಸೋರಿಕೆ ಸಿಕ್ಕಿತು. ಸಿಲಿಂಡರಿನ ಒಂದು ತುದಿ ತೇವವಾಗಿದೆ, ಕೆಳಗಿನ ಲೈನರ್ ಆಯಿಲ್ ಕುಡಿದು ಕರ್ರಗಾಗಿದೆ. ಅದನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಒಂದೇ ಚಕ್ರಕ್ಕೆ ಬದಲಿಸಿದರೆ ಗಾಡಿ ಮತ್ತೆ ಒಂದು ಪಕ್ಕಕ್ಕೆ ಎಳೆಯುತ್ತದೆ, ಆದ್ದರಿಂದ ಹಿಂದಿನ ಎರಡಕ್ಕೂ ಹೊಸ ಲೈನರ್ ಹೊಡೆಸಿದ ಶೂಗಳು ತಯಾರಾಗಿವೆ. ಆದರೆ ಮೇಷ್ಟ್ರು ಎರಡು ಚಕ್ರ ಒಟ್ಟಿಗೆ ಬಿಚ್ಚುವುದಿಲ್ಲ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂದು ಮರೆತರೆ ನೋಡಿಕೊಳ್ಳಲು ಇನ್ನೊಂದು ಹಾಗೇ ಇರಬೇಕು. ಮೊಮ್ಮಗಳು ಮೊಬೈಲಿನಲ್ಲಿ ಫೋಟೊನೂ ಹಿಡಿದಿಟ್ಟುಕೊಂಡಿದ್ದಾಳೆ.

ಸಿಲಿಂಡರ್ ಕಿಟ್ ಬಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಪೊಟ್ಟಣ ಬಿಚ್ಚಿದರೆ ಎಂಟಾಣೆ ನಾಣ್ಯದಷ್ಟು ಅಗಲದ ಎರಡು ಕಪ್ಪು ರಬ್ಬರ್ ಬಟ್ಟಲು. ಟನ್ನಿನ ಲೆಕ್ಕದ ಗಾಡಿ ನಿಲ್ಲುವುದು ಇವುಗಳ ತೆಳು ಅಂಚಿನ ಭರವಸೆಯ ಮೇಲೆ. ಮೇಷ್ಟ್ರು ಅವನ್ನು ಸೀಮೆಎಣ್ಣೆ, ಪೆಟ್ರೋಲಿನ ಹತ್ತಿರವೂ ಬಿಡಲಿಲ್ಲ. ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲಿ ಬೆರಳು ಅದ್ದಿ, ಅಂಚಿನ ಸುತ್ತ ಸವರಿ, ಮಡಚಿಕೊಳ್ಳದಂತೆ ಮೆಲ್ಲಗೆ ಒಳಗೆ ತಳ್ಳಿದರು. ಆ ಒಂದು ಗಳಿಗೆ ಅಂಗಳದಲ್ಲಿ ಯಾರೂ ಮಾತಾಡಲಿಲ್ಲ.

ಎರಡೂ ಚಕ್ರ ಮುಗಿದ ಮೇಲೆ ಏರ್ ತೆಗೆಯುವ ಕೆಲಸ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಉಳಿದರೆ ಕಾಲಿನ ಬಲವೆಲ್ಲ ಅದನ್ನು ಅಮುಕುವುದಕ್ಕೇ ಹೋಗುತ್ತದೆ. ಇದಕ್ಕೆ ಎರಡು ಜನ ಬೇಕು. ಮೊಮ್ಮಗಳು ಡ್ರೈವರ್ ಸೀಟಿಗೆ ಹೋದಳು. ಮೇಷ್ಟ್ರು ಚಕ್ರದ ಸಿಲಿಂಡರಿನ ನಿಪ್ಪಲ್‌ಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದರು. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

“ಒತ್ತು… ಹಿಡ್ಕೋ… ಹಿಡ್ಕೊಂಡೇ ಇರು… ಹಾಂ, ಈಗ ಬಿಡು.”

“ಅಜ್ಜ, ಕಾಲು ನೋಯ್ತಿದೆ.”

“ನಾನು ಹೇಳೋ ತನಕ ಬಿಡ್ಬೇಡ. ನಿಪ್ಪಲ್ ಮುಚ್ಚೋ ಮುಂಚೆ ಬಿಟ್ರೆ ಗಾಳಿ ವಾಪಸ್ ಎಳ್ಕೊಳ್ತದೆ.”

ಪೈಪಿನಲ್ಲಿ ಮೊದಲು ಕಾಫಿ ಬಣ್ಣದ ಆಯಿಲ್, ಜೊತೆಗೆ ಸಾಲುಸಾಲು ಗುಳ್ಳೆ. ಆಮೇಲೆ ಗುಳ್ಳೆ ಬಿಡಿಬಿಡಿಯಾಯಿತು, ಬಣ್ಣ ತಿಳಿಯಾಯಿತು. ನಡುನಡುವೆ ಮಾಸ್ಟರ್ ಸಿಲಿಂಡರಿನ ಡಬ್ಬಿಗೆ ಹೊಸ ಆಯಿಲ್ ಸುರಿಯುತ್ತಲೇ ಇರಬೇಕು, ಅದು ಬರಿದಾದರೆ ಮೊದಲಿನಿಂದ ಶುರು. ಬಾಟಲಿಗೆ ಬಂದದ್ದನ್ನು ಮತ್ತೆ ಬಳಸುವಂತಿಲ್ಲ.

ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ? ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇ 3.7ರಷ್ಟು ನೀರು ಸೇರಿದ ಮೇಲೆ ಅದರ ಮಿತಿ 140 ಡಿಗ್ರಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳಿವೆ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ ಕಾದು, ಆಯಿಲ್ ಕುದಿದು, ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಏಕಾಏಕಿ ತಳ ಸೇರಬಹುದು. ಎರಡನೇ ಗೇರಿನಲ್ಲಿ ಇಳಿಯಿರಿ ಎಂದು ಹಿರಿಯರು ಹೇಳುವುದು ಇದಕ್ಕೇ.

ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದರೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ, ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿ ಬಳಸಬೇಡಿ. ಚಕ್ರಗಳ ಒಳಬದಿಯಲ್ಲಿ ತೇವ ಇದೆಯೇ ನೋಡಿ. ಹೊರಡುವ ಮುಂಚೆ ಗಾಡಿ ನಿಂತಲ್ಲೇ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ, ಕೆಲಸ ಎಷ್ಟೇ ತುರ್ತಿನದಾಗಿರಲಿ, ಅಂದು ಘಟ್ಟ ಇಳಿಯಬೇಡಿ.