ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ!
ಹೊರನಾಡ ಮನೆಗಳ ನಿತ್ಯದ ಸಮಸ್ಯೆ: ಕಾರಣಗಳು ಮತ್ತು ಪರಿಹಾರ

ಮುಂಬಯಿ, ಪುಣೆ, ದೆಹಲಿಯಂತಹ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ದಿನನಿತ್ಯ ಕೇಳಿಬರುವ ಸಂಭಾಷಣೆಯೊಂದಿದೆ. ತಾಯಿ ‘ಊಟಕ್ಕೆ ಬಾ, ಸಾರು ಆರುತ್ತಿದೆ’ ಎನ್ನುತ್ತಾಳೆ. ಮಗು ‘ಪಾಂಚ್ ಮಿನಿಟ್, ಮಮ್ಮಿ’ ಎಂದು ಉತ್ತರಿಸುತ್ತದೆ. ತಾಯಿಯ ಮಾತು ಮಗುವಿಗೆ ಪೂರ್ಣವಾಗಿ ಅರ್ಥವಾಗಿದೆ. ಆದರೆ ಕನ್ನಡದ ಒಂದು ಪದವೂ ಅದರ ಬಾಯಿಂದ ಹೊರಡುವುದಿಲ್ಲ. ಊರಿನಿಂದ ಬಂದ ಅಜ್ಜ ಇದನ್ನು ಕೇಳಿ ಮೌನವಾಗುತ್ತಾರೆ. ತಾಯಿಗೆ ಅಪರಾಧಿ ಭಾವ, ತಂದೆಗೆ ಸಿಟ್ಟು, ಮಗುವಿಗೋ ತನ್ನ ತಪ್ಪೇನೆಂದು ತಿಳಿಯದ ಗೊಂದಲ. ಈ ಸಮಸ್ಯೆಯ ಬೇರುಗಳನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ನಮ್ಮೆಲ್ಲರಿಗೂ ಹಿತಕರವೆಂದು ಭಾವಿಸುತ್ತೇವೆ.

ಇದು ಮಗುವಿನ ಹಟವಲ್ಲ

ಭಾಷೆಯನ್ನು ಗ್ರಹಿಸುವುದು ಹಾಗೂ ಭಾಷೆಯನ್ನು ಆಡುವುದು ಬೇರೆ ಬೇರೆ ಸಾಮರ್ಥ್ಯಗಳು. ಕೇಳಿ ಅರ್ಥಮಾಡಿಕೊಳ್ಳಲು ಕಿವಿಯ ಪರಿಚಯ ಸಾಕು. ಮಾತನಾಡಲು ಪದವನ್ನು ನೆನಪಿನಿಂದ ತೆಗೆದು, ವಿಭಕ್ತಿ, ಕಾಲ, ಲಿಂಗ, ವಚನಗಳನ್ನು ಹೊಂದಿಸಿ ಕ್ಷಣಮಾತ್ರದಲ್ಲಿ ಹೊರಗಿಡಬೇಕು. ಇದು ಅಭ್ಯಾಸವಿಲ್ಲದೆ ಬಾರದು. ಮಗು ಯಾವ ಭಾಷೆಯಲ್ಲಿ ಬೇಗ ಉತ್ತರಿಸಬಲ್ಲದೋ ಆ ಭಾಷೆಯನ್ನೇ ಆರಿಸಿಕೊಳ್ಳುತ್ತದೆ. ಮನೆಯವರಿಗೆ ಹಿಂದಿ, ಇಂಗ್ಲಿಷ್ ಬರುತ್ತದೆಂಬುದು ಅದಕ್ಕೆ ತಿಳಿದಿದೆ. ಹೀಗಿರುವಾಗ ಕಷ್ಟಪಟ್ಟು ಕನ್ನಡದಲ್ಲಿ ಹೇಳುವ ಅಗತ್ಯವೇ ಅದಕ್ಕೆ ಕಾಣುವುದಿಲ್ಲ.

ಇದು ನಮ್ಮವರ ಸಮಸ್ಯೆ ಮಾತ್ರವೂ ಅಲ್ಲ. ಬೆಲ್ಜಿಯಂ ದೇಶದ ಡಚ್ ಭಾಷಿಕ ಪ್ರಾಂತದಲ್ಲಿ ಬೇರೆ ಮನೆಮಾತುಳ್ಳ ಸುಮಾರು 1,900 ಕುಟುಂಬಗಳನ್ನು ಪರಿಶೀಲಿಸಿ ಭಾಷಾತಜ್ಞೆ ಆನಿಕ್ ಡಿ ಹಾವರ್ ಅವರು 2007ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆ ಕುಟುಂಬಗಳ ಪೈಕಿ ಸುಮಾರು ಕಾಲುಭಾಗದಲ್ಲಿ ಮಕ್ಕಳು ಮನೆಮಾತನ್ನು ಆಡುತ್ತಿರಲಿಲ್ಲ. ತಂದೆತಾಯಿ ಇಬ್ಬರೂ ಮನೆಯಲ್ಲಿ ಮನೆಮಾತನ್ನೇ ಬಳಸುತ್ತಿದ್ದ ಕುಟುಂಬಗಳಲ್ಲಿ ಅದು ಮಕ್ಕಳಲ್ಲಿ ಹೆಚ್ಚಾಗಿ ಉಳಿದುಬಂದಿತ್ತು. ಶಾಲೆಯ ಭಾಷೆ ಮನೆಯೊಳಗೂ ಪ್ರವೇಶಿಸಿದಷ್ಟು ಮನೆಮಾತು ಹಿಂದೆ ಸರಿದಿತ್ತು.

ಅಪ್ಪಣೆಯ ಕನ್ನಡ

ನಮ್ಮ ಮನೆಗಳ ದಿನಚರಿಯನ್ನು ಲೆಕ್ಕ ಹಾಕೋಣ. ಡೊಂಬಿವಲಿ ಅಥವಾ ವಿರಾರಿನಿಂದ ಕಚೇರಿಗೆ ಹೋಗುವ ತಂದೆ ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿದರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಅನೇಕ ಮನೆಗಳಲ್ಲಿ ತಾಯಿಯೂ ಉದ್ಯೋಗಸ್ಥೆ. ಮಗು ಶಾಲೆ, ಟ್ಯೂಷನ್, ಸೊಸೈಟಿಯ ಅಂಗಳದ ಆಟ, ಟಿ.ವಿ., ಮೊಬೈಲ್‌ಗಳ ನಡುವೆ ಇಡೀ ದಿನ ಕಳೆಯುತ್ತದೆ. ಅಲ್ಲೆಲ್ಲ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡಕ್ಕೆ ಉಳಿಯುವುದು ಬೆಳಗಿನ ಅವಸರದ ಅರ್ಧ ಗಂಟೆ, ರಾತ್ರಿಯ ದಣಿವಿನ ಒಂದು ಗಂಟೆ.

ಆ ಅಲ್ಪ ಸಮಯದಲ್ಲಿ ನಾವು ಆಡುವ ಕನ್ನಡವಾದರೂ ಯಾವುದು? ‘ಏಳು’, ‘ಹಲ್ಲುಜ್ಜು’, ‘ಹಾಲು ಕುಡಿ’, ‘ಹೋಂವರ್ಕ್ ಮುಗಿಯಿತಾ?’, ‘ಟಿ.ವಿ. ಆರಿಸು’, ‘ಮಲಗು’. ಎಲ್ಲವೂ ಅಪ್ಪಣೆ ಅಥವಾ ವಿಚಾರಣೆ. ಇವಕ್ಕೆ ತಲೆಯಾಡಿಸಿದರೆ ಸಾಕು, ಮಾತಿನ ಅಗತ್ಯವಿಲ್ಲ. ಆಟ, ನಗು, ಗುಟ್ಟು, ಜಗಳ, ಕಥೆ ಇವೆಲ್ಲ ಬೇರೆ ಭಾಷೆಗಳ ಪಾಲಾಗಿವೆ. ಕನ್ನಡವು ಮಗುವಿನ ಪಾಲಿಗೆ ಗದರಿಕೆಯ ಭಾಷೆಯಾಗಿ ಉಳಿದರೆ ಅದರಲ್ಲಿ ಮಾತನಾಡುವ ಆಸೆ ಎಲ್ಲಿಂದ ಬಂದೀತು? ನಮ್ಮ ದೃಷ್ಟಿಯಲ್ಲಿ ಸಮಸ್ಯೆಯ ತಿರುಳು ಇದೇ.

ಎರಡನೆಯ ಮಗುವಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೊದಲ ಮಗು ಶಾಲೆಗೆ ಹೋಗುವವರೆಗೆ ಮನೆಯಲ್ಲಿ ಕನ್ನಡವನ್ನೇ ಕೇಳಿರುತ್ತದೆ. ಅದು ಶಾಲೆಯ ಭಾಷೆಯನ್ನು ಮನೆಗೆ ತಂದ ಮೇಲೆ ತಮ್ಮ ತಂಗಿಯರೊಡನೆ ಅದನ್ನೇ ಆಡುತ್ತದೆ. ಆದ್ದರಿಂದ ಒಂದೇ ಮನೆಯಲ್ಲಿ ಅಕ್ಕನಿಗೆ ಕನ್ನಡ ಬರುತ್ತದೆ, ತಮ್ಮನಿಗೆ ಬರುವುದಿಲ್ಲ ಎಂಬ ವಿಚಿತ್ರ ಕಾಣಸಿಗುತ್ತದೆ.

ಮನೆಮಾತು ತುಳು, ಕೊಂಕಣಿಯಾದಾಗ

ಮುಂಬಯಿಯ ಮಟ್ಟಿಗೆ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಇಲ್ಲಿ ಕನ್ನಡಿಗರೆಂದು ಗುರುತಿಸಿಕೊಳ್ಳುವ ಬಹಳಷ್ಟು ಮಂದಿಯ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರಿಗೆ ಕನ್ನಡ ಬಂದದ್ದು ಊರಿನ ಶಾಲೆಯಿಂದ, ಪತ್ರಿಕೆಯಿಂದ, ಯಕ್ಷಗಾನದಿಂದ. ಹಗಲಿಡೀ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕಲಿತ ಹಿಂದಿನ ತಲೆಮಾರಿಗೆ ಮಹಾನಗರದಲ್ಲೂ ಆ ಶಾಲೆಗಳೇ ಕನ್ನಡವನ್ನು ಉಳಿಸಿಕೊಟ್ಟವು. ಇಂದು ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವುದರಿಂದ ಆ ಬಾಗಿಲು ಮುಚ್ಚಿದಂತಾಗಿದೆ. ಇಂತಹ ಮನೆಗಳಲ್ಲಿ ತುಳು ಅಥವಾ ಕೊಂಕಣಿಯನ್ನು ಬಿಟ್ಟು ಕನ್ನಡ ಹಿಡಿಯಿರಿ ಎನ್ನುವುದು ಸರಿಯಲ್ಲ. ಮನೆಮಾತನ್ನು ಮನೆಯಲ್ಲಿ ಉಳಿಸಿಕೊಂಡು, ಕನ್ನಡವನ್ನು ಕಥೆ, ಹಾಡು, ಓದಿನ ಮೂಲಕ ಜೊತೆಗೂಡಿಸುವುದೇ ಸೂಕ್ತ ಮಾರ್ಗ.

ಭಯಗಳು ಎಷ್ಟು ನಿಜ?

‘ಎರಡು ಮೂರು ಭಾಷೆ ಕಲಿಸಿದರೆ ಮಗು ಗೊಂದಲಗೊಳ್ಳುತ್ತದೆ, ಮಾತು ತಡವಾಗುತ್ತದೆ’ ಎಂಬ ಭಯ ವ್ಯಾಪಕವಾಗಿದೆ. ‘ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತನಾಡಿ’ ಎಂದು ಕೆಲವು ಶಾಲೆಗಳಲ್ಲಿ ಸಲಹೆ ನೀಡುವುದೂ ಉಂಟು. ಆದರೆ ಬಹುಭಾಷೆಯೇ ಮಾತಿನ ವಿಳಂಬಕ್ಕೆ ಕಾರಣವಲ್ಲವೆಂಬುದು ತಜ್ಞರ ಒಮ್ಮತದ ಅಭಿಪ್ರಾಯ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲದ ಲಕ್ಷಣವಲ್ಲ, ತನ್ನ ಬಳಿ ಇರುವ ಪದಗಳನ್ನೆಲ್ಲ ಬಳಸಿಕೊಳ್ಳುವ ಜಾಣ್ಮೆ. ಆದರೆ ಎರಡು ವರ್ಷ ತುಂಬಿದ ಮಗು ಯಾವ ಭಾಷೆಯಲ್ಲೂ ಎರಡು ಪದಗಳನ್ನು ಕೂಡಿಸಿ ಹೇಳದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕು, ಶ್ರವಣ ಪರೀಕ್ಷೆ ಮಾಡಿಸಬೇಕು. ಮನೆಮಾತನ್ನು ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ.

ಮನೆಯಲ್ಲೇ ಮಾಡಬಹುದಾದದ್ದು

ಮೊದಲನೆಯದಾಗಿ, ‘ಕನ್ನಡದಲ್ಲಿ ಹೇಳು’ ಎಂದು ಗದರುವ ಬದಲು ಮಗುವಿನ ಮಾತನ್ನೇ ಕನ್ನಡದಲ್ಲಿ ಮರಳಿಸಬೇಕು. ಮಗು ‘ಪಾನಿ ದೋ’ ಎಂದರೆ ‘ನೀರು ಬೇಕಾ? ತಣ್ಣೀರು ಕೊಡಲಾ, ಬಿಸಿನೀರು ಕೊಡಲಾ?’ ಎಂದು ಕೇಳಿದರಾಯಿತು. ಹೌದು, ಇಲ್ಲ ಎಂಬ ಉತ್ತರ ಇಲ್ಲಿ ಸಾಲದು. ಎರಡರಲ್ಲಿ ಒಂದನ್ನು ಆರಿಸುವಾಗ ಕನ್ನಡದ ಪದ ತಾನಾಗಿ ಬಾಯಿಗೆ ಬರುತ್ತದೆ.

ಎರಡನೆಯದಾಗಿ, ತಪ್ಪು ಮಾತಿಗೆ ನಗಬಾರದು. ಬೇಸಿಗೆ ರಜೆಯಲ್ಲಿ ಊರಿಗೆ ಹೋದ ಮಗು ‘ನಾನು ಬಂತು’, ‘ಮಾವ ಹೋಯಿತು’ ಎಂದಾಗ ನೆಂಟರಿಷ್ಟರು ಗೊಳ್ಳೆಂದು ನಗುತ್ತಾರೆ. ಅವರ ಮನಸ್ಸಿನಲ್ಲಿ ಕೇಡಿಲ್ಲ, ಆದರೂ ಮಗು ಆ ರಜೆಯಿಡೀ ಬಾಯಿ ಬಿಡುವುದಿಲ್ಲ. ಊರಿಗೆ ಹೊರಡುವ ಮುನ್ನ ಹಿರಿಯರಿಗೆ ಫೋನಿನಲ್ಲಿ ಒಂದು ಮಾತು ಹೇಳಿಟ್ಟರೆ ಒಳಿತು. ಮಗು ಅಜ್ಜನಿಗೆ ‘ನೀನು ಬಾ’ ಎಂದರೆ ಅದು ಅವಿನಯವಲ್ಲ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ. ಮರಾಠಿಯಲ್ಲಿ ತಾಯಿ, ಅಜ್ಜಿಯರನ್ನು ಏಕವಚನದಲ್ಲಿ ಕರೆಯುವುದೇ ಪ್ರೀತಿಯ ರೂಢಿ. ಮನೆಯಲ್ಲಿ ‘ಬಾ, ಹೋಗು’ ಎಂಬುದನ್ನೇ ಕೇಳಿದ ಮಗು ‘ಬನ್ನಿ, ಹೋಗಿ’ ಎಂಬುದನ್ನು ಯಾರಿಂದ ಕಲಿಯಬೇಕು? ಹಿರಿಯರು ಪರಸ್ಪರ ಆಡುವಾಗ ಕೇಳಿಯೇ ಅದು ಕಲಿಯಬೇಕು.

ಮೂರನೆಯದಾಗಿ, ದಿನದಲ್ಲಿ ಒಂದು ಹೊತ್ತನ್ನು ಕನ್ನಡಕ್ಕೆ ಮೀಸಲಿಡಬೇಕು. ರಾತ್ರಿಯೂಟದ ಇಪ್ಪತ್ತು ನಿಮಿಷವಾದರೂ ಸಾಕು. ಆಗ ಪರೀಕ್ಷೆ, ಅಂಕ, ಗದರಿಕೆಗಳಿಗೆ ಪ್ರವೇಶ ಇರಕೂಡದು. ‘ಇಂದು ನನ್ನ ರೈಲಿನಲ್ಲಿ ಏನಾಯಿತು ಗೊತ್ತಾ?’ ಎಂದು ತಂದೆಯೇ ಆರಂಭಿಸಲಿ. ನಡೆದದ್ದನ್ನು ಹೇಳುವಾಗ ಭೂತಕಾಲ ಬರುತ್ತದೆ, ನಾಳೆಯ ಯೋಜನೆಯಲ್ಲಿ ಭವಿಷ್ಯತ್ಕಾಲ ಬರುತ್ತದೆ. ಅಪ್ಪಣೆಯ ಕನ್ನಡದಲ್ಲಿ ಇವೆರಡೂ ವಿರಳ.

ನಾಲ್ಕನೆಯದು ಲಿಪಿ. ಶಾಲೆಯಲ್ಲಿ ಹಿಂದಿ, ಮರಾಠಿ ಕಲಿಯುವ ಮಗುವಿಗೆ ಕನ್ನಡದ ವರ್ಣಮಾಲೆ ಬಹುಪಾಲು ಪರಿಚಿತ. ಅ, ಆ, ಇ, ಈ ಎಂಬ ಕ್ರಮವೂ ಕ, ಖ, ಗ, ಘ ಎಂಬ ವರ್ಗವೂ ಒಂದೇ. ಮರಾಠಿಯಲ್ಲಿ ‘ಳ’ಕಾರವೂ ಉಂಟು. ಹೊಸದಾಗಿ ಕಲಿಯಬೇಕಾದದ್ದು ಅಕ್ಷರಗಳ ಆಕಾರ, ಹ್ರಸ್ವ ಎ ಮತ್ತು ಒ, ಅಡಿಯಲ್ಲಿ ಬರುವ ಒತ್ತಕ್ಷರ. ಹೈದರಾಬಾದಿನ ಮಕ್ಕಳಿಗಂತೂ ತೆಲುಗು ಲಿಪಿಯ ಸಾಮ್ಯದಿಂದ ಇದು ಇನ್ನೂ ಸುಲಭ. ದಿನಕ್ಕೆ ಕಾಲು ಗಂಟೆಯಂತೆ ಕೆಲವು ತಿಂಗಳು ಅಭ್ಯಾಸ ನಡೆದರೆ ಮಗು ಸರಳ ಪದಗಳನ್ನು ಓದಬಲ್ಲದು. ಕನ್ನಡ ಸಂಘಗಳು ನಡೆಸುವ ರವಿವಾರದ ತರಗತಿಗಳ ಪ್ರಯೋಜನವನ್ನೂ ಪಡೆಯಬಹುದು.

ಹೊರೆ ಒಬ್ಬರದಲ್ಲ

ಮಗುವಿಗೆ ಕನ್ನಡ ಬಾರದಿದ್ದರೆ ತಾಯಿಯತ್ತ ಬೆರಳು ತೋರುವುದು ನಮ್ಮಲ್ಲಿ ನಡೆದುಬಂದ ಅನ್ಯಾಯ. ಸೊಸೆ ಅನ್ಯಭಾಷಿಕಳಾಗಿದ್ದರೆ ಆಕ್ಷೇಪ ಇನ್ನೂ ಹರಿತ. ಇಂತಹ ಮನೆಯಲ್ಲಿ ತಂದೆ ಮಗುವಿನೊಡನೆ ಕನ್ನಡವನ್ನೇ ಆಡುವ ಹೊಣೆ ಹೊರಬೇಕು. ಕನ್ನಡ ಬರುವುದು ತಂದೆಗೆ, ಉಳಿಸಿಕೊಡಬೇಕಾದವನೂ ಅವನೇ.

ಏರಿಳಿತಗಳು ಇದ್ದೇ ಇರುತ್ತವೆ. ಪರೀಕ್ಷೆಯ ದಿನಗಳಲ್ಲಿ ಎಲ್ಲ ನಿಯಮಗಳೂ ಸಡಿಲವಾಗುತ್ತವೆ. ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಗೆಳೆಯರ ಮುಂದೆ ಕನ್ನಡವಾಡಲು ಮಕ್ಕಳಿಗೆ ಸಂಕೋಚವಾಗಬಹುದು. ಆಗ ಬಲವಂತ ಮಾಡದೆ ನಾವು ನಮ್ಮ ಮಾತನ್ನು ಕನ್ನಡದಲ್ಲೇ ಮುಂದುವರಿಸಿದರೆ ಸಾಕು. ಕಿವಿಗೆ ಬಿದ್ದ ಭಾಷೆ ವ್ಯರ್ಥವಾಗುವುದಿಲ್ಲ, ಅಗತ್ಯ ಬಂದಾಗ ಅದು ಮತ್ತೆ ಬಾಯಿಗೆ ಬರಬಲ್ಲದು.

ಇದರಲ್ಲಿ ಭಾಷಾಭಿಮಾನಕ್ಕಿಂತ ಹತ್ತಿರದ ಪ್ರಶ್ನೆಯೊಂದಿದೆ. ಊರಿನ ಮನೆಗೆ ಬೀಗ ಹಾಕಿ ಮಕ್ಕಳ ಬಳಿಗೆ ಬಂದಿರುವ ವೃದ್ಧರು ನಮ್ಮ ಫ್ಲಾಟುಗಳಲ್ಲಿ ಅನೇಕರಿದ್ದಾರೆ. ಮಗ, ಸೊಸೆ ದುಡಿಯಲು ಹೋದ ಮೇಲೆ ಮಧ್ಯಾಹ್ನದಿಂದ ಸಂಜೆಯವರೆಗೆ ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ಮೊಮ್ಮಗು ಮಾತ್ರ. ಅಜ್ಜಿಗೆ ಹಿಂದಿ ಬಾರದು, ಮೊಮ್ಮಗು ಕನ್ನಡವಾಡದು. ಆ ನಾಲ್ಕು ಗಂಟೆಗಳ ಕಾಲ ಅವರಿಬ್ಬರೂ ಏನು ಮಾತನಾಡಿಕೊಳ್ಳಬೇಕು? ಇಂದಿನ ರಾತ್ರಿಯೂಟದ ಹೊತ್ತಿನಲ್ಲಿ ಪ್ರತಿಯೊಂದು ಮನೆಯವರೂ ಈ ಕುರಿತು ಯೋಚಿಸಲಿ ಎಂಬುದು ನಮ್ಮ ವಿನಂತಿ.